ಕಂಬಳಿಯ ಕೆಳಗಿನ ಸಾಕ್ಷಿ

ನಕ್ಷತ್ರ ಮರೆಯಾಗಬೇಕಿದ್ದದ್ದು ಸಂಜೆ ಏಳು ನಲವತ್ತೊಂದಕ್ಕೆ. ಪಾಂಡಿಯರಾಜನ್ ಏಳಕ್ಕೇ ಪಂಚಾಯ್ತಿ ಇಟ್ಟ.

ಬೇಕೆಂದೇ ಇಟ್ಟ. ತಮ್ಮ ಸೇಕರನ ಹೆಂಡತಿ ಮಣಿಮೇಗಲೈ ಈ ಸಂಜೆಗಾಗಿ ಮೂರು ತಿಂಗಳಿಂದ ಕಾಯುತ್ತಿದ್ದಾಳೆ ಎಂದು ಅವನಿಗೆ ಹೇಳಿದವನು ಆ ತಮ್ಮನೇ. ಸೇಕರನ ಬಾಯಲ್ಲಿ ಎಳ್ಳುಕಾಳು ನೆನೆಯುವುದಿಲ್ಲ, ಅಣ್ಣನ ಮುಂದಂತೂ ಇಲ್ಲವೇ ಇಲ್ಲ. ಬರಿಗಣ್ಣಿಗೆ ಕಾಣದ ಬಂಡೆಯಂಥ ಸಣ್ಣ ಗ್ರಹವೊಂದು ಒಂದು ಮಂಕು ನಕ್ಷತ್ರದ ಮುಂದೆ ಹಾದುಹೋಗಲಿತ್ತು. ಅದರ ನೆರಳು ಕಂಬಂ ಕಣಿವೆಯ ಮೇಲೆ ಬಿದ್ದಾಗ ನಕ್ಷತ್ರ ಕೆಲವೇ ಸೆಕೆಂಡು ಆರಿ ಮತ್ತೆ ಹೊತ್ತಿಕೊಳ್ಳುತ್ತದೆ. ಎಷ್ಟು ಸೆಕೆಂಡು ಎಂದು ಅಳೆದರೆ ಬಂಡೆಯ ಅಗಲ ಸಿಗುತ್ತದೆ. ಗೂಡಲೂರಿನಲ್ಲಿ ಎಳಿಲ್ ಎಂಬ ಗೆಳತಿ ಅಳೆಯಲು ಕೂತಿದ್ದಳು, ಚಿನ್ನಮನೂರಿನಲ್ಲಿ ಇವಳು. ಇಂಥ ನೆರಳು ಈ ಹಿತ್ತಲಿಗೆ ಇವಳ ಜೀವಮಾನದಲ್ಲಿ ಇನ್ನೊಮ್ಮೆ ಬೀಳುವುದು ಅನುಮಾನ.

ದೂರದರ್ಶಕ ಎಂಟು ಇಂಚಿನ ಕನ್ನಡಿಯದು. ದಿಂಡುಕ್ಕಲ್‌ನಲ್ಲಿ ಹಳೆಯದನ್ನು ಕೊಂಡು, ಬಸ್ಸಿನಲ್ಲಿ ಎರಡು ಸೀಟು ಹಿಡಿದು, ಕಂಡಕ್ಟರನ ಜೊತೆ ಜಗಳವಾಡಿ ತಂದಿದ್ದಳು. ಕನ್ನಡಿ ತಣ್ಣಗಾಗದೆ ಚಿತ್ರ ನಿಲ್ಲುವುದಿಲ್ಲ, ಒಂದು ಗಂಟೆ ಮೊದಲೇ ಹೊರಗಿಡಬೇಕು. ಮಂಕು ನಕ್ಷತ್ರವನ್ನು ನೇರ ನೋಡಿದರೆ ಕಾಣುವುದಿಲ್ಲ, ಒಂಚೂರು ಪಕ್ಕಕ್ಕೆ ನೋಡಬೇಕು. ಕಾಲಡಿಯ ನೆಲ ಅಲುಗಬಾರದು. ಇದಿಷ್ಟನ್ನು ಕಲಿಯಲು ಅವಳಿಗೆ ಏಳು ವರ್ಷ ಹಿಡಿದಿತ್ತು. ನೆಲಕ್ಕಾಗಿ ಅವಳು ಎರಡೂ ಮನೆಗೆ ಸೇರಿದ ಹಿತ್ತಲಿನ ನಟ್ಟನಡುವೆ ನಾಲ್ಕಡಿಯ ಸಿಮೆಂಟು ಕಟ್ಟೆ ಹಾಕಿಸಿದಳು. ಯಾರನ್ನೂ ಕೇಳಲಿಲ್ಲ. ಕೇಳಿದ್ದರೆ ಬೇಡ ಅನ್ನುತ್ತಿದ್ದರು.

ದ್ರಾಕ್ಷಿ ಕ್ರೇಟು ಒಟ್ಟುವ ಜಾಗ ಹೋಯಿತೆಂದು ಪಾಂಡಿಯರಾಜನ್ ಹೊತ್ತಿ ಉರಿದ. ಹಿತ್ತಲಿನ ದ್ರಾಕ್ಷಿ ಚಪ್ಪರದಾಚೆ ಅವನ ಮನೆ. ಅದರ ಮಾಳಿಗೆಯ ಕಂಬಕ್ಕೆ ದೊಡ್ಡ ಲೈಟು ಹಾಕಿಸಿದ. ದನದ ಕೊಟ್ಟಿಗೆಗೆ ಅಂದ. ಮೊದಮೊದಲು ಕೊಟ್ಟಿಗೆಗೇ ಬೀಳುತ್ತಿದ್ದ ಬೆಳಕು ಪೊಂಗಲ್ ಕಳೆದ ಮೇಲೆ ನೇರ ಕಟ್ಟೆಯ ಮೇಲೆ ಬೀಳತೊಡಗಿತು. ಗಾಳಿಗೆ ತಿರುಗಿದೆ ಅಂದ. ಅದೂ ಸಾಲದೆ ಊರೆಲ್ಲ ಹೇಳಿಕೊಂಡು ಬಂದ, ಕೊಳವೆ ಆಕಾಶಕ್ಕೆ, ಕಣ್ಣು ನಮ್ಮ ಮನೆಗೆ ಎಂದು. ಈ ಬಗೆಯ ದೂರದರ್ಶಕದಲ್ಲಿ ಕಣ್ಣಿಡುವ ತೂತು ಕೊಳವೆಯ ಮೇಲ್ತುದಿಯ ಪಕ್ಕಕ್ಕಿರುತ್ತದೆ, ನೋಡುವವರ ಮುಖ ಅಡ್ಡಕ್ಕೆ ತಿರುಗಿರುತ್ತದೆ. ಅಡ್ಡಕ್ಕೆ ಇದ್ದದ್ದು ಅವನ ಮನೆ.

ಆ ಮನೆತನದಲ್ಲಿ ಪಂಚಾಯ್ತಿ ಅಂದರೆ ಕಂಬಳಿ. ಮುತ್ತಜ್ಜನ ಕಾಲದ ಕರಿ ಕಂಬಳಿ ಪೆಟ್ಟಿಗೆಯಿಂದ ಹೊರಬರುವುದು ನ್ಯಾಯಕ್ಕೆ ಮಾತ್ರ. ಹಿತ್ತಲಲ್ಲಿ ಹಾಸಿದ ಆ ಕಂಬಳಿಗೆ ಸರದಿಯಂತೆ ಬಂದವರು ಸುಳ್ಳು ಹೇಳುವಂತಿಲ್ಲ. ಅವರು ಮಾತು ನಿಲ್ಲಿಸುವವರೆಗೆ ಯಾರೂ ಅವರ ಮೈ ಮುಟ್ಟುವಂತಿಲ್ಲ. ಕಂಬಳಿ ಮಡಿಸುವ ಮೊದಲು ಹಿತ್ತಲು ದಾಟಿದವರು ಸೋತಂತೆ. ಅವಳು ಎಲ್ಲಿಗೂ ಹೋಗುವ ಹಾಗಿರಲಿಲ್ಲ.

ಎಲ್ಲರೂ ಸೇರುವ ಮೊದಲೇ ಅವಳು ಒಂದು ಕೆಲಸ ಮುಗಿಸಿದ್ದಳು. ಆ ನಕ್ಷತ್ರದ ದಾರಿಯಲ್ಲೇ ಮುಂದೆ ಸಾಗುವ ಹೊಳೆಯುವ ನಕ್ಷತ್ರವೊಂದಕ್ಕೆ ಗುರಿಯಿಟ್ಟು ಕೊಳವೆಯನ್ನು ಹಾಗೇ ಬಿಟ್ಟಿದ್ದಳು. ಅಲುಗಿಸದಿದ್ದರೆ, ಆಕಾಶ ತಿರುಗುತ್ತ ಏಳು ನಲವತ್ತೊಂದರ ಹೊತ್ತಿಗೆ ಬೇಕಾದ ನಕ್ಷತ್ರ ತಾನಾಗಿ ಅಲ್ಲಿಗೆ ಬರುತ್ತದೆ.

ಪಾಂಡಿಯರಾಜನ್ ಮನೆತನದ ಹಿರಿಯ ಮುತ್ತಯ್ಯನ ಮುಂದೆ ಕಂಬಳಿಯ ಮೇಲೆ ಕೂತು ಅರ್ಧ ಗಂಟೆ ಮಾತಾಡಿದ. "ಈ ಪೈಪು ಬಂದಾಗಿಂದ ನನ್ ಹೆಂಡ್ತಿ ಮಾಳಿಗೆಲಿ ಸೀರೆ ಒಣಗಾಕಕ್ಕೂ ಹೆದರ್ತಾಳೆ ತಾತಾ. ಮಾನ ಇರೋ ಮನೆ ನಮ್ದು."

"ಮಾನ ಇರೋರು ಹೆಂಡ್ತಿನ ಅಡಕ್ಕದಲ್ಲಿ, ಹದ್ದುಬಸ್ತಲ್ಲಿ ಇಟ್ಕೋತಾರೆ," ಅತ್ತೆ ಕಾಮಾಕ್ಷಿಯಮ್ಮಾಳ್ ಕಿರಿಮಗನನ್ನು ನೋಡಿ ಅಂದಳು. ಸೇಕರ್ ಉಗುರು ನೋಡಿಕೊಂಡ.

ಏಳು ಮೂವತ್ತೈದಕ್ಕೆ ಮುತ್ತಯ್ಯ ಕೈಯೆತ್ತಿದ. "ಪೋದುಂ, ಸಾಕು. ಏಳೋ ಪಾಂಡಿ. ನೀ ಬಾಮ್ಮಾ, ಕಂಬಳಿಗೆ."

ಮಣಿಮೇಗಲೈ ಕೂರಲಿಲ್ಲ. ಕಂಬಳಿಯ ಎರಡು ಮೂಲೆ ಹಿಡಿದೆತ್ತಿ, ಒದರಿ, ತಲೆಯ ಮೇಲೆ ಹಿಡಿದು ಕಟ್ಟೆಯ ಕಡೆ ನಡೆದಳು.

"ಅಯ್ಯೋ ಮನೆಹಾಳಿ! ತಲೆಗಾಕ್ತೀಯಾ? ಅದು ಸಾವಿನ್ ಮನೆ ಮುಕ್ಕಾಡು, ಸಾವಿನ್ ಮುಸುಕು ಕಣೇ!" ಅತ್ತೆ ಎದೆ ಬಡಿದುಕೊಂಡಳು. "ಯಾರ್ ಸಾಯ್ಲಿ ಅಂತ?"

"ಅದು ಆಮೇಲೆ ಹೇಳ್ತೀನಿ ಅತ್ತೆ. ಕಂಬಳಿ ಬಿಟ್ಟಿಲ್ಲ ನಾನು, ಸುಳ್ಳೂ ಹೇಳಲ್ಲ. ಯಾರೂ ಮುಟ್ಟಬೇಡಿ."

ಕೊಳವೆಯ ಬಾಯಿ ಮುಚ್ಚದಂತೆ ತನ್ನ ತಲೆಗೂ ಕಣ್ಣಿಡುವ ತೂತಿಗೂ ಕಂಬಳಿ ಎಳೆದುಕೊಂಡಳು. ಮಾಳಿಗೆಯ ಲೈಟು ಅವಳ ಕಣ್ಣಿಗೆ ಸತ್ತಿತು. ಒಳಗೆ ನುಸಿಗುಳಿಗೆಯ ವಾಸನೆ. ಸಮಯ ನುಡಿಯುವ ಫೋನಿನಲ್ಲಿ ಧ್ವನಿಮುದ್ರಣ ಒತ್ತಿ, ಆಮೇಲೆ ಕೇಳಿ ಸೆಕೆಂಡು ಅಳೆಯಲೆಂದು ಸೊಂಟಕ್ಕೆ ಸಿಕ್ಕಿಸಿದಳು.

ಹೊರಗೆ ಹೆಜ್ಜೆ ಸಪ್ಪಳ ಓಡಿ ಬಂತು. "ಎಳ್ದಾಕ್ತೀನಿ ಇದ್ನ!"

"ನಿಲ್ಲೋ ಪಾಂಡಿ!" ಮುತ್ತಯ್ಯನ ದನಿ. "ಅವ್ಳ ಮಾತು ಶುರುವಾಗಿದೆ. ಮುಟ್ಟಂಗಿಲ್ಲ."

"ತಾತಾ, ಇದು ಮೋಸ!"

"ನೀ ಅರ್ಧ ಗಂಟೆ ಕೊರೆದಾಗ ಅವ್ಳು ಬಾಯಾಕಿದ್ಳಾ? ಉಕ್ಕಾರು, ಕೂತ್ಕೋ."

ಮಾತು ನಿಂತರೆ ಸರದಿ ಮುಗಿದಂತೆ. ಮಾತಾಡುತ್ತಲೇ ಇರಬೇಕು, ನಿಜವನ್ನೇ ಆಡಬೇಕು. ಮೊದಲು ಸುಲಭದ ನಿಜಗಳನ್ನು ಹೇಳಿದಳು. ಕಟ್ಟೆಯನ್ನು ಕೇಳದೇ ಹಾಕಿಸಿದೆ. ಕ್ರೇಟಿನ ಜಾಗ ಹೋಗುತ್ತೆ ಅಂತ ಗೊತ್ತಿತ್ತು. ಹೋದರೆ ಹೋಗಲಿ ಅಂದುಕೊಂಡೆ. ಬಾವನನ್ನು ಕಂಡರೆ ನನಗಾಗುವುದಿಲ್ಲ, ಮದುವೆಯ ದಿನದಿಂದಲೂ. ಕಣ್ಣು ನಿಧಾನವಾಗಿ ಕತ್ತಲಿಗೆ ಹೊಂದಿಕೊಳ್ಳುತ್ತಿತ್ತು. ಏಳು ಮೂವತ್ತೊಂಬತ್ತಕ್ಕೆ ನೋಟದ ಅಂಚಿನಿಂದ ಅದು ಒಳಗೆ ಬಂತು, ಸಾಸಿವೆಯ ತುದಿಯಷ್ಟು. ಅಷ್ಟು ಹೊತ್ತಿಗೆ ಸುಲಭದ ನಿಜಗಳು ಮುಗಿದಿದ್ದವು.

"ಆಯ್ತಾ?" ಪಾಂಡಿಯರಾಜನ್ ಕೇಳಿದ. "ಮುಗೀತಾ ನಿನ್ ಪುರಾಣ?"

ನಕ್ಷತ್ರ ನಡುವಿನ ಕಡೆ ತೆವಳುತ್ತಿತ್ತು. ಉಳಿದದ್ದು ಒಂದೇ ನಿಜ. ಹೇಳಿದರೆ ಕಟ್ಟೆ ಹೋಗುತ್ತದೆ. ಹೇಳದಿದ್ದರೆ ಈಗಲೇ ಕಂಬಳಿ ಹೋಗುತ್ತದೆ.

"ಇಲ್ಲ. ನಿಮ್ ಮನೆ ನೋಡಿದೀನಿ, ಬಾವ."

ಹೊರಗೆ ಯಾರೋ ಎದ್ದು ನಿಂತ ಸಪ್ಪಳ.

"ಒಂದ್ಸಲ. ಹಗಲಲ್ಲಿ. ಗುರಿಯಿಡೋ ಸಣ್ಣ ಕೊಳವೆನ ದೊಡ್ಡದಕ್ಕೆ ಹೊಂದ್ಸೋಕೆ ದೂರದ್ದು ಏನಾದ್ರೂ ಬೇಕು, ನಿಮ್ ಮಾಳಿಗೆ ನೀರ್ ತೊಟ್ಟಿನ ಗುರಿಗಿಟ್ಕೊಂಡೆ. ಪೊಂಗಲ್ ಆದ ಮಾರನೇ ದಿನ. ತೊಟ್ಟಿ ಪಕ್ಕ ನೀವಿದ್ರಿ. ಇದ್ರಲ್ಲಿ ಎಲ್ಲಾ ತಲೆಕೆಳಗೆ ಕಾಣ್ತದೆ. ತಲೆಕೆಳಗಾಗಿ ನಿಂತು, ಸ್ಪ್ಯಾನರ್ ಹಿಡ್ದು, ಲೈಟನ್ನ ಕೊಟ್ಟಿಗೆಯಿಂದ ನನ್ ಕಟ್ಟೆಗೆ ತಿರುಗಿಸ್ತಿದ್ರಿ. ತಿರುಗಿಸಿ ನಕ್ಕ್ರಿ. ನಿಮ್ ಹಲ್ಲು ಎಣಿಸ್ಬೋದಿತ್ತು. ನಿಂತು ನೋಡ್ದೆ, ಪೂರ್ತಿ ನೋಡ್ದೆ... ಹೋಯ್ತು."

ಸಾಸಿವೆ ಇದ್ದಲ್ಲಿ ಬರೀ ಕಪ್ಪು.

"ಒಪ್ಕೊಂಡ್ಳು! ಕೇಳಿದ್ರಾ ಎಲ್ರೂ? ನಮ್ ಮನೆ ನೋಡಿದ್ಳು, ಅವಳ್ ಬಾಯಲ್ಲೇ—"

"ಬಂತು," ಅಂದಳು ಮಣಿಮೇಗಲೈ. ಕಂಬಳಿಯಿಂದ ಹೊರಬಂದು, ಅದನ್ನು ಮುತ್ತಯ್ಯನ ಕಾಲ ಬಳಿ ಹಾಸಿದಳು. "ಮುಗೀತು ತಾತಾ."

ಮುದುಕ ಪಾಂಡಿಯರಾಜನ್ ಕಡೆ ತಿರುಗಿದ. "ಲೈಟು ಗಾಳಿಗೆ ತಿರುಗ್ತು ಅಂತ ಕಂಬಳಿ ಮೇಲೆ ಕೂತು ಹೇಳು."

ಪಾಂಡಿಯರಾಜನ್ ಕೂರಲಿಲ್ಲ. ಬಾಗಿ ಚಪ್ಪಲಿ ಸರಿಮಾಡಿಕೊಂಡ.

"ಸೆರಿ," ಮುತ್ತಯ್ಯ ಅಂದ. "ಲೈಟು ಇಳೀಲಿ. ಕಟ್ಟೆ ಒಡೀಲಿ. ಪೈಪು ಈ ಹಿತ್ತಲಲ್ಲಿ ಇನ್ನು ನಿಲ್ಲಂಗಿಲ್ಲ. ಕಂಬಳಿ ಮಡ್ಸಿ."

ಎಂಟು ಗಂಟೆಗೆ ಎಳಿಲ್ ಫೋನು ಮಾಡಿದಳು. ಗುಡ್ಡದ ಕಡೆಯಿಂದ ಮೋಡ ಬಂದು ಗೂಡಲೂರಿನಲ್ಲಿ ಏನೂ ಕಂಡಿರಲಿಲ್ಲ. "ನಿಂದೊಂದೇ ಈಗ. ಎಷ್ಟು?"

ಮಣಿಮೇಗಲೈ ಮುದ್ರಣವನ್ನು ಆಗಲೇ ಹತ್ತು ಸಲ ಕೇಳಿದ್ದಳು. 'ಹೋಯ್ತು', ಬಾವನ ಕೂಗು, 'ಬಂತು'. "ನಾಲ್ಕು ಪಾಯಿಂಟ್ ಎರಡು ಸೆಕೆಂಡು," ಅಂದಳು.

ಮರುದಿನ ಲೈಟು ಇಳಿಯಿತು. ಸಂಜೆ ಅವಳೇ ಹಾರೆ ಹಿಡಿದು ಕಟ್ಟೆ ಒಡೆದಳು. ಕೊನೆಯ ತುಂಡು ಏಳುವಾಗ ಕತ್ತಲಾಗಿತ್ತು, ಪಾಂಡಿಯರಾಜನ್ ಆಗಲೇ ಕ್ರೇಟು ತಂದು ಒಟ್ಟುತ್ತಿದ್ದ. ಲೈಟಿಲ್ಲದ ಹಿತ್ತಲಿನ ಮೇಲೆ ಆಕಾಶ ಹರಳು ಚೆಲ್ಲಿದ ಹಾಗಿತ್ತು.

ಸೇಕರ್ ಬಾಗಿಲಲ್ಲಿ ನಿಂತು ಮೇಲೆ ನೋಡಿದ. "ಈಗ ಎಷ್ಟ್ ಚೆನ್ನಾಗ್ ಕಾಣ್ತದೆ, ಅಲ್ವಾ?"

"ಹೋಗಿ ಇದನ್ನೂ ನಿಮ್ಮಣ್ಣಂಗೆ ಹೇಳು," ಅಂದು ಅವಳು ಹಾರೆಯನ್ನು ಅವನ ಕಾಲ ಬಳಿ ಎಸೆದಳು.