ಉಳಿದ ಮೂರು ಸ್ಕ್ರೂ

ನಮ್ಮ ತರಗತಿಯ ನಲವತ್ತು ಮಂದಿಯೂ ಕೆಲಸಕ್ಕೆ ಬರೆಯುವ ಕಾಗದ ಒಂದೇ. ಯಾವ ಕಾಲದಲ್ಲೋ ಸೀನಿಯರ್ ಒಬ್ಬ ಬರೆದಿಟ್ಟು ಹೋದದ್ದು. ಹೆಸರು, ತಾರೀಕು ಬದಲಿಸಿದರೆ ಮುಗಿಯಿತು. ಹೊಲಿಗೆ ಯಂತ್ರದ ಕಾರ್ಖಾನೆಯವರು ರಜೆಯಲ್ಲಿ ಒಬ್ಬರನ್ನು, ಒಬ್ಬರನ್ನೇ, ತರಬೇತಿಗೆ ತೆಗೆದುಕೊಳ್ಳುತ್ತಾರೆಂದು ಗೊತ್ತಾದಾಗ ನಾನೂ ಅದನ್ನೇ ಇಳಿಸಿಕೊಂಡೆ. ಆ ಜಾಗ ನನಗೆ ಬೇಕೇ ಬೇಕಿತ್ತು. ಸಿಗದಿದ್ದರೆ ಎರಡು ತಿಂಗಳು ಸೋದರಮಾವನ ಪಾತ್ರೆ ಅಂಗಡಿಯಲ್ಲಿ ಧೂಳು ಒರೆಸುವ ಭಾಗ್ಯ ಕಾದಿತ್ತು.

ಅಮ್ಮ ಬಟ್ಟೆ ಹೊಲಿಯುತ್ತಾಳೆ. ಅವಳ ಕನ್ನಡಕದ ಒಂದು ಕಡ್ಡಿ ಕಳಚಿ ನಾಲ್ಕು ತಿಂಗಳಾಗಿತ್ತು. ದಾರ ಸುತ್ತಿ ಕಟ್ಟಿಕೊಂಡಿದ್ದಳು, ಬಗ್ಗಿದರೆ ಜಾರುತ್ತಿತ್ತು.

ಇಳಿಸಿಕೊಂಡ ಕಾಗದ ತೋರಿಸಿದರೆ, "ನೀನೇ ಓದು, ಕೇಳ್ತೀನಿ," ಎಂದಳು.

ಓದಿದೆ. "ನಾನು ಬಾಲ್ಯದಿಂದಲೂ ಪರಿಶ್ರಮಿ, ಶಿಸ್ತಿನ ವಿದ್ಯಾರ್ಥಿನಿ..."

ಅಮ್ಮ ಯಂತ್ರದ ಚಕ್ರ ನಿಲ್ಲಿಸಿದಳು. "ಯಾರೇ ಈ ಹುಡುಗಿ? ನಮ್ಮನೇಲಂತೂ ಕಂಡಿಲ್ಲ."

ನನಗೆ ಮೈಯೆಲ್ಲ ಉರಿಯಿತು. "ಮತ್ತೇನು ಬರೀಲಿ? ನಿನ್ನ ಯಂತ್ರ ಬಿಚ್ಚಿ ಹಾಕಿದ್ದನ್ನ ಬರೀಲಾ?"

"ಬರಿ. ಅದನ್ನ ಮಾಡಿದ್ದು ನೀನೇ ತಾನೆ."

ಸಿಟ್ಟಿನಲ್ಲೇ ಬರೆದೆ: "ನಾಲ್ಕು ತಿಂಗಳ ಹಿಂದೆ ಅಮ್ಮನ ಹೊಲಿಗೆ ಯಂತ್ರ ನಿಂತುಹೋಯಿತು. ಒಂದು ಭಾನುವಾರ ನೆಲಕ್ಕೆ ಹೊದಿಕೆ ಹಾಸಿ ಪೂರ್ತಿ ಬಿಚ್ಚಿದೆ. ಒಳಗೆ ದಾರ ಸಿಕ್ಕಿಹಾಕಿಕೊಂಡಿತ್ತು. ತೆಗೆದು, ಎಣ್ಣೆ ಬಿಟ್ಟು, ಜೋಡಿಸಿದೆ. ಯಂತ್ರ ಓಡುತ್ತಿದೆ. ಆದರೆ ಮೂರು ಸ್ಕ್ರೂ ಉಳಿದವು. ಅಮ್ಮ ಅವನ್ನು ಗುಂಡಿ ಡಬ್ಬಿಯಲ್ಲಿಟ್ಟು, ಇವು ಎಲ್ಲಿಯವು ಎಂದು ದಿನಾ ಕೇಳುತ್ತಾಳೆ. ನನಗೆ ಗೊತ್ತಿಲ್ಲ. ತಿಳಿದುಕೊಳ್ಳಲು ನಿಮ್ಮಲ್ಲಿಗೆ ಬರಬೇಕು."

ಕಾರ್ಖಾನೆಯ ಗೇಟಿನಲ್ಲಿ ಕೊಟ್ಟು ಬಂದ ಮೇಲೆ ಸಿಟ್ಟು ಇಳಿದು ಹೆದರಿಕೆ ಹತ್ತಿತು. ನನ್ನ ಕಾಲ ಮೇಲೆ ನಾನೇ ಕಲ್ಲು ಹಾಕಿಕೊಂಡೆ ಅನಿಸಿತು.

ವಾರದ ಮೇಲೆ ಕಾರ್ಖಾನೆಯಿಂದ ಫೋನ್ ಬಂತು. ಬರುವಾಗ ಸ್ಕ್ರೂಗಳನ್ನು ತರಬೇಕಂತೆ.

ರಿಪೇರಿ ವಿಭಾಗದ ಮುಖ್ಯಸ್ಥೆಯ ಉಗುರಿನಂಚಿನಲ್ಲಿ ಗ್ರೀಸ್ ಇತ್ತು. ಕಾಗದದ ಕಟ್ಟೊಂದನ್ನು ಪಕ್ಕಕ್ಕೆ ಸರಿಸಿದರು. "ಇದರಲ್ಲಿ ಇಪ್ಪತ್ತಾರು ಜನ ಬಾಲ್ಯದಿಂದಲೂ ಪರಿಶ್ರಮಿಗಳು. ಎಲ್ಲಿ, ಸ್ಕ್ರೂ ತೋರಿಸಿ."

ಎರಡನ್ನು ನೋಡಿದ ಕೂಡಲೇ ಗುರುತು ಹಿಡಿದರು. "ಇವು ತಳದ ತಗಡಿನವು. ಇಲ್ದಿದ್ರೂ ಓಡತ್ತೆ, ಆದ್ರೆ ಗಡಗಡ ಅನ್ನತ್ತೆ." ಹೌದು, ಅನ್ನುತ್ತಿತ್ತು. ಮೂರನೆಯದು ಎಳ್ಳುಕಾಳಿನಷ್ಟಿತ್ತು. ಅದನ್ನು ಬೆಳಕಿಗೆ ಹಿಡಿದು ನಕ್ಕರು. "ಇದು ಯಾವ ಹೊಲಿಗೆ ಯಂತ್ರದ್ದೂ ಅಲ್ಲಮ್ಮ. ಮನೇಲಿ ಯಾರಾದ್ರೂ ಕನ್ನಡಕ ಹಾಕ್ತಾರಾ?"

ನಾಚಿಕೆಯಿಂದ ತಲೆ ತಗ್ಗಿಸಿದೆ. ಆ ಭಾನುವಾರ ಅಮ್ಮ ನನ್ನ ಪಕ್ಕದಲ್ಲೇ ಬಗ್ಗಿ ಟಾರ್ಚ್ ಹಿಡಿದಿದ್ದಳು. ಕಡ್ಡಿ ಕಳಚಿದ್ದೂ ಅವತ್ತೇ.

ಅವರು ಪುಟ್ಟ ಸ್ಕ್ರೂಡ್ರೈವರ್ ಒಂದನ್ನು ನನ್ನ ಕೈಗಿಟ್ಟರು. "ಸೋಮವಾರ ಎಂಟು ಗಂಟೆಗೆ ಕೆಲಸಕ್ಕೆ ಬನ್ನಿ. ಬರುವಾಗ ಇದನ್ನ ವಾಪಸ್ ತನ್ನಿ."

ಮನೆಗೆ ಬಂದವಳೇ ಅಮ್ಮನ ಮೂಗಿನ ಮೇಲಿಂದ ಕನ್ನಡಕ ತೆಗೆದು, ದಾರ ಕತ್ತರಿಸಿ, ಸ್ಕ್ರೂ ಕೂರಿಸಿದೆ. ಅಮ್ಮ ಹಾಕಿಕೊಂಡು ತಲೆ ಬಗ್ಗಿಸಿ ನೋಡಿದಳು. ಜಾರಲಿಲ್ಲ.

"ಕೆಲಸ ಸಿಕ್ತು ಅನ್ನು," ಎಂದಳು.

"ಸಿಕ್ತು."

"ನಾಲ್ಕು ತಿಂಗಳು ದಾರ ಕಟ್ಕೊಂಡು ಓಡಾಡೋ ಹಾಗೆ ಮಾಡಿದ್ಯಲ್ಲೇ," ಎಂದು ಗೊಣಗುತ್ತಲೇ ಕೈಚಾಚಿದಳು. "ಆ ಕಾಗದದ ನಕಲಿದ್ರೆ ಕೊಡು. ಈ ಸಲ ನಾನೇ ಓದ್ತೀನಿ."