ಹತ್ತನೇ ರೀಲು

1946ರ ಮಾರ್ಚ್ ತಿಂಗಳ ಎರಡನೇ ವಾರ ಹೊಳೆನರಸೀಪುರದ ಗರಡಿಮನೆ ಜಗಲಿಯಲ್ಲಿ ಒಂದೇ ಚಿತ್ರದ ಮಾತು. ಹದಿಮೂರು ವರ್ಷದ ಹಿಂದೆ ಊರಿಗೆ ಬಂದಿದ್ದ ಮೂಕಿಚಿತ್ರ ಅದು, ಬೊಂಬಾಯಿಯಲ್ಲಿ ತಯಾರಾದದ್ದು. ಅದರ ಹಿಂದಿ ಹೆಸರು ಯಾರಿಗೂ ನೆನಪಿರಲಿಲ್ಲ. ಊರಿನವರು 'ಕೋಟೆ ತಮ್ಮ' ಎನ್ನುತ್ತಿದ್ದರು. ಈಗ ಅದೇ ಕಥೆಯನ್ನು ಮದರಾಸಿನ ಕಂಪನಿಯೊಂದು ಕನ್ನಡದಲ್ಲಿ ಮಾತು, ಹಾಡು ಸೇರಿಸಿ ಮತ್ತೆ ತೆಗೆದಿತ್ತು. ಪ್ರಿಂಟು ಮೈಸೂರಿನಿಂದ ರೈಲಿನಲ್ಲಿ ಬಂದು ಮೊದಲು ಇಳಿದದ್ದು ಹೊಳೆನರಸೀಪುರದಲ್ಲಿ. ಹಾಸನದವರು ಮುಂದಿನ ವಾರದವರೆಗೆ ಕಾಯಬೇಕಿತ್ತು. ಗರಡಿಯವರಿಗೆ ಅದೂ ಒಂದು ಹೆಮ್ಮೆ.

ಗರಡಿಯ ಉಸ್ತಾದ ಬೋರಪ್ಪನಿಗೆ ನಲವತ್ತೈದು ವರ್ಷ. ಎಡಗೈಯಲ್ಲಿ ಕೊನೆಯ ಎರಡು ಬೆರಳಿಲ್ಲ. ಅವನ ತಮ್ಮ ಕೃಷ್ಣಪ್ಪ ಅರಕಲಗೂಡಿನ ಹತ್ತಿರ ಹೆಂಡತಿಯ ಊರಿನಲ್ಲಿ ಹೊಗೆಸೊಪ್ಪು ಬೆಳೆಯುತ್ತಿದ್ದ. ಹೊಸ ಚಿತ್ರ ನೋಡಲೆಂದೇ ಇದ್ದಿಲಿನಿಂದ ಓಡುವ ಬಸ್ಸು ಹತ್ತಿ ಬಂದಿದ್ದ. ಮೂಕಿಚಿತ್ರದಲ್ಲಿ ತಮ್ಮನ ಪಾತ್ರ ಮಾಡಿದ್ದ ದಿಲಾವರನೆಂಬ ನಟ ಕೋಟೆ ಗೋಡೆಯಿಂದ ಕುದುರೆ ಹಾರಿಸುವ ದೃಶ್ಯದ ಬಗ್ಗೆ ಅಣ್ಣತಮ್ಮಂದಿರಿಗೆ ಹಳೆಯ ತಕರಾರಿತ್ತು. ಕುದುರೆ ಬೊಂಬೆಯದು ಎಂದು ಕೃಷ್ಣಪ್ಪನ ವಾದ.

"ಬೊಂಬೆ ಕುದ್ರೆ ಬಾಲ ಆಡುಸ್ತದೇನ್ಲಾ?" ಎಂದ ಬೋರಪ್ಪ.

"ಗಾಳಿಗೆ ಆಡಿರ್ತದೆ ಕಣಣ್ಣ. ಅತ್ತಿಗೆ ಒಣಗಾಕಿರೋ ಸೀರೇನೂ ಆಡ್ತದೆ."

ಹೊಸ ನಾಯಕ ಹಾಡುತ್ತಲೇ ಕತ್ತಿ ವರಸೆ ಮಾಡುತ್ತಾನಂತೆ ಎಂದು ಯಾರೋ ಹೇಳಿದರು. ಹಾಡು ಮುಗಿಯುವವರೆಗೆ ವೈರಿ ಏನು ಮಾಡುತ್ತಾನೆಂದು ಬೋರಪ್ಪ ಕೇಳಿದ. ತಾಳ ಹಾಕುತ್ತಾನೆ ಎಂದ ಕೃಷ್ಣಪ್ಪ. ಜಗಲಿಯೆಲ್ಲ ನಕ್ಕಿತು.

ನಗದಿದ್ದವರು ಬ್ರಹ್ಮದೇವಯ್ಯ ಒಬ್ಬರೇ. ಅವರು ಚನ್ನರಾಯಪಟ್ಟಣದ ಕಡೆಯ ಜೈನರು, ವಯಸ್ಸು ಐವತ್ತೆಂಟು. ತಾಲ್ಲೂಕು ಕಚೇರಿಯ ಮುಂದೆ ಕೂತು ಜನರಿಗೆ ಅರ್ಜಿ ಬರೆದುಕೊಡುತ್ತಿದ್ದರು. ಮೂಕಿಚಿತ್ರದ ಕಾಲದಲ್ಲಿ ಅವರಿಗೆ ಬೇರೆ ಕೆಲಸವಿತ್ತು. ತೆರೆಯ ಪಕ್ಕದಲ್ಲಿ ಬೆತ್ತ ಹಿಡಿದು ನಿಂತು, ನಡುನಡುವೆ ಬರುವ ಹಿಂದಿ ಬರಹವನ್ನು ಓದಿ, ಪ್ರತಿ ಪಾತ್ರದ ಮಾತನ್ನೂ ಕನ್ನಡದಲ್ಲಿ ಕೂಗಿ ಹೇಳುವುದು. ಟಾಕಿ ಬಂದ ಮೇಲೆ ಆ ಕೆಲಸ ಹೋಯಿತು. ಆದರೆ ಗರಡಿಯಲ್ಲಿ ಅವರು ಇನ್ನೂ 'ಕತೆ ಮೇಷ್ಟ್ರು'. ವರ್ಷಕ್ಕೊಮ್ಮೆಯಾದರೂ 'ಕೋಟೆ ತಮ್ಮ'ನ ಕೊನೆಯ ಭಾಗವನ್ನು ಅವರಿಂದ ಹೇಳಿಸುತ್ತಿದ್ದರು. ಮಂತ್ರಿ ತಮ್ಮನ ನಿಲುವಂಗಿ ತೊಟ್ಟು ಬಂದು ಕೋಟೆಯ ದೊರೆಯಾದ ಅಣ್ಣನನ್ನು ಹಿಂದಿನಿಂದ ಇರಿಯುತ್ತಾನೆ. ನಿಜವಾದ ತಮ್ಮ ತಡವಾಗಿ ಓಡಿಬಂದು ಅಣ್ಣನ ಹೆಣದ ಮೇಲೆ ಬಿದ್ದು ಅಳುತ್ತಾನೆ. ಅಲ್ಲಿಗೆ ಬರುವಾಗ ಬೋರಪ್ಪ ಪ್ರತಿ ಸಲವೂ ಪಂಚೆಯ ತುದಿಯಿಂದ ಕಣ್ಣು ಒರೆಸಿಕೊಳ್ಳುತ್ತಿದ್ದ.

ಅದಕ್ಕೆ ಕಾರಣ ಊರಿಗೆಲ್ಲ ಗೊತ್ತಿತ್ತು. 1933ರ ಬೇಸಗೆಯಲ್ಲಿ ನಾಲೆ ನೀರಿನ ಸರದಿಗಾಗಿ ಅಣ್ಣತಮ್ಮಂದಿರು ಗದ್ದೆಯಲ್ಲಿ ಹೊಡೆದಾಡಿದ್ದರು. ಕೃಷ್ಣಪ್ಪ ಬೀಸಿದ ಕುಡುಗೋಲಿಗೆ ಬೋರಪ್ಪನ ಎರಡು ಬೆರಳು ತುಂಡಾದವು. ಗಾಯ ಮಾಗುವ ಮೊದಲೇ ಬೋರಪ್ಪ ಚೂರಿ ಮಸೆದ. ತಮ್ಮ 'ಕೋಟೆ ತಮ್ಮ' ನೋಡಲು ಸಿನಿಮಾ ಟೆಂಟಿಗೆ ಹೋಗುತ್ತಾನೆಂದು ತಿಳಿದು ತಾನೂ ಹೋಗಿ ಅವನ ಬೆನ್ನ ಹಿಂದಿನ ಸಾಲಿನಲ್ಲಿ ಕೂತ. ಪ್ರತಿ ರೀಲು ಮುಗಿದಾಗಲೂ ದೀಪ ಹತ್ತುತ್ತಿತ್ತು. ಕೊನೆಯ ರೀಲಿನ ಕತ್ತಲೆಯಲ್ಲಿ ಇರಿಯುವುದೆಂದು ನಿಶ್ಚಯಿಸಿದ್ದ. ಕೊನೆಯ ರೀಲು ಬಂತು. ಬ್ರಹ್ಮದೇವಯ್ಯನ ದನಿ ಕೂಗಿತು: "ಅಣ್ಣಾ, ಕೈ ನನ್ನದಲ್ಲ, ನಿಲುವಂಗಿ ಮಾತ್ರ ನನ್ನದು." ದೀಪ ಹತ್ತಿದಾಗ ಚೂರಿ ನೆಲದ ಮೇಲೆ ಬಿದ್ದಿತ್ತು. ಬೋರಪ್ಪ ತಮ್ಮನ ಹೆಗಲಿಗೆ ಒರಗಿ ಬಿಕ್ಕುತ್ತಿದ್ದ.

ಆ ಚಿತ್ರದಲ್ಲಿ ಹನ್ನೊಂದು ರೀಲು. ಅಂದು ಟೆಂಟಿನಲ್ಲಿ ಓಡಿದ್ದು ಹತ್ತು. ಹತ್ತನೆಯ ರೀಲು ಅದಕ್ಕೂ ಒಂದು ತಿಂಗಳು ಮೊದಲು ಅರಕಲಗೂಡಿನಲ್ಲಿ ಯಂತ್ರದೊಳಗೇ ಹೊತ್ತಿ ಉರಿದಿತ್ತು. ಬ್ರಹ್ಮದೇವಯ್ಯ ಕೆಲಸಕ್ಕೆ ಸೇರಿದ್ದು ಆಮೇಲೆ. ಒಂಬತ್ತನೆಯದರ ಕೊನೆಗೆ ಚಿತ್ರದ ಅಣ್ಣತಮ್ಮಂದಿರು ಜಗಳವಾಡಿ ತಮ್ಮ ಚೂರಿ ಎತ್ತಿಕೊಳ್ಳುತ್ತಾನೆ. ಹನ್ನೊಂದನೆಯದರ ಮೊದಲಿಗೆ ಅಣ್ಣ ಸತ್ತಿದ್ದಾನೆ, ತಮ್ಮ ಅಳುತ್ತಿದ್ದಾನೆ. 'ಅಣ್ಣಾ, ಕ್ಷಮಿಸು' ಎಂಬ ಬರಹ ಬರುತ್ತದೆ. ನಡುವಿನದನ್ನು ಹೇಗಾದರೂ ಸರಿದೂಗಿಸಿ ಎಂದು ಟೆಂಟಿನ ಮಾಲೀಕ ಹೇಳಿದ್ದ. ಮಂತ್ರಿಯೂ ನಿಲುವಂಗಿಯೂ ಬ್ರಹ್ಮದೇವಯ್ಯ ಕಟ್ಟಿದ ಕಥೆ. ಬೋರಪ್ಪನ ಚೂರಿಯ ವಿಷಯ ಅವರಿಗೆ ತಿಳಿದದ್ದು ಮರುದಿನ. ತಿಳಿದ ಮೇಲೆ ಬಾಯಿ ಬಿಡಲಿಲ್ಲ.

ಹೊಸ ಚಿತ್ರಕ್ಕೆ ಬರುವುದಿಲ್ಲವೆಂದು ಅವರು ಎರಡು ಸಲ ಹೇಳಿದರು. ಬೋರಪ್ಪ ಕೇಳಲಿಲ್ಲ. ಕೈಹಿಡಿದು ಕರೆದುಕೊಂಡು ಹೋಗಿ ಕುರ್ಚಿಯಲ್ಲಿ ಕೂರಿಸಿ, ತಾನು ತಮ್ಮನ ಜೊತೆ ಬೆಂಚಿನಲ್ಲಿ ಕೂತ.

ಆಟ ಶುರುವಾದದ್ದು ಸಂಜೆ ಆರೂಮುಕ್ಕಾಲಿಗೆ. ಸುಮಾರು ಆರುನೂರು ಜನರಿದ್ದರು. ಮೊದಲ ಒಂಬತ್ತು ರೀಲು ಗಲಾಟೆಯಿಲ್ಲದೆ ಓಡಿದವು. ಕುದುರೆ ಗೋಡೆ ಹಾರಿದಾಗ ಬೋರಪ್ಪ ತಮ್ಮನ ತೊಡೆಗೆ ಗುದ್ದಿದ. ಹತ್ತನೆಯದಕ್ಕೆ ಮೊದಲು ದೀಪ ಹತ್ತಿದಾಗ, ಈಗ ಬತ್ತಾನೆ ನೋಡು ಮಂತ್ರಿ ಎಂದು ಅಕ್ಕಪಕ್ಕದವರಿಗೆಲ್ಲ ಹೇಳಿದ.

ಮಂತ್ರಿ ಬರಲಿಲ್ಲ. ತಮ್ಮನೇ ಬಂದ. ತನ್ನ ನಿಲುವಂಗಿಯಲ್ಲಿ, ತನ್ನ ಮುಖದಲ್ಲಿ. ದೊರೆಯ ಬೆನ್ನಿಗೆ ಮೂರು ಸಲ ಚೂರಿ ಹಾಕಿದ. ಮೂರನೆಯದನ್ನು ತಿರುವಿದ. "ಕೋಟೆ ನನ್ನದು, ಅಣ್ಣ" ಎಂದು ಸ್ಪಷ್ಟವಾದ ಕನ್ನಡದಲ್ಲಿ ಹೇಳಿದ.

ಟೆಂಟಿನ ಜನ ಒಟ್ಟಿಗೆ ಎದ್ದು ನಿಂತರು. ಆಮೇಲೆ ಬೆಂಚುಗಳು ಉರುಳಿದವು. ಸುಳ್ಳು ರೀಲು ಹಾಕಿದ್ದಾರೆ, ನಿಜವಾದದ್ದನ್ನು ಹಾಸನಕ್ಕೆ ಎತ್ತಿಟ್ಟಿದ್ದಾರೆ ಎಂದು ಯಾರೋ ಕೂಗಿದರು. ಕಲ್ಲು ಬಿದ್ದು ತೆರೆ ಹರಿಯಿತು. ಯಂತ್ರದವನು ದೀಪ ಹಾಕಿ ಓಡಿಹೋದ.

ಟೆಂಟಿನ ಮ್ಯಾನೇಜರ್ ಧನ್ಯಕುಮಾರನಿಗೆ ಇಪ್ಪತ್ತೆಂಟು ವರ್ಷ. ಅವನು ಓಡಲಿಲ್ಲ. ಜನರ ನಡುವೆ ಬಂದು, ಕಂಪನಿಯವರು ಕಳಿಸಿದ್ದೇ ಇದು, ಕಥೆ ಇರುವುದೇ ಹೀಗೆ ಎಂದು ಕೈಮುಗಿದು ಹೇಳಿದ. ಬೋರಪ್ಪ ಮುರಿದ ಬೆಂಚಿನ ಕಾಲನ್ನು ಎತ್ತಿಕೊಂಡ. ಮೊದಲ ಏಟಿಗೆ ಹೆಗಲ ಮೂಳೆ ಮುರಿಯಿತು. ಎರಡನೆಯದಕ್ಕೆ ಧನ್ಯಕುಮಾರ ಮೊಣಕಾಲೂರಿ ಕುಸಿದ. ಮರದಲ್ಲಿ ಮೊಳೆಯೊಂದು ಉಳಿದಿತ್ತು. ಮೂರನೆಯ ಏಟಿಗೆ ಅದು ಅವನ ಬಲಗಣ್ಣಿಗೆ ಹೊಕ್ಕಿತು. ಗರಡಿಯ ಹುರಿಯಾಳುಗಳು ಸುತ್ತ ನಿಂತು ಕಾಲಿನಿಂದ ಒದೆಯುತ್ತಿದ್ದರು. ಕೃಷ್ಣಪ್ಪ ಅಣ್ಣನ ಸೊಂಟ ಹಿಡಿದು ಎಳೆದ. ಬೋರಪ್ಪ ಒಮ್ಮೆ ಕೊಡವಿದ್ದಕ್ಕೆ ತಮ್ಮ ಹೋಗಿ ಕಂಬಕ್ಕೆ ಬಡಿದ.

"ಮಂತ್ರಿ ಎಲ್ಲವ್ನೆ?" ಎಂದು ಬೋರಪ್ಪ ಕೆಳಗೆ ಬಿದ್ದವನನ್ನು ಕೇಳುತ್ತಿದ್ದ. "ಮಂತ್ರೀನ ಎಲ್ಲಿ ಬಚ್ಚಿಟ್ಟಿದ್ದೀಯ, ಯೇಳು."

ಬ್ರಹ್ಮದೇವಯ್ಯ ಕುರ್ಚಿಯ ಮೇಲೆ ಹತ್ತಿ ನಿಂತರು. ಒಂದು ಕಾಲದಲ್ಲಿ ಸಾವಿರ ಜನಕ್ಕೆ ಕೇಳಿಸುತ್ತಿದ್ದ ದನಿ ಅದು, ಪೂರ್ತಿ ಹೋಗಿರಲಿಲ್ಲ.

"ಬೋರಪ್ಪ, ಆ ಹುಡುಗನನ್ನು ಬಿಡು. ಮಂತ್ರಿ ಇಲ್ಲ. ಮಂತ್ರಿಯನ್ನು ಮಾಡಿದವನು ನಾನು. ಹತ್ತನೇ ರೀಲು ನಮ್ಮ ಹತ್ತಿರ ಇರಲೇ ಇಲ್ಲ."

ಏಟು ನಿಂತಿತು. ಬೋರಪ್ಪ ಮರದ ಕಾಲನ್ನು ಕೆಳಗೆ ಹಾಕಿ, ಬೆಂಚುಗಳನ್ನು ದಾಟಿಕೊಂಡು ಬಂದ. ಅವಸರಪಡಲಿಲ್ಲ. ಕುರ್ಚಿಯಿಂದ ಬ್ರಹ್ಮದೇವಯ್ಯನನ್ನು ಮಗುವನ್ನು ಇಳಿಸುವಂತೆ ಎರಡೂ ಕೈಯಿಂದ ಇಳಿಸಿದ. ಮತ್ತೊಮ್ಮೆ ಹೇಳಿ ಎಂದ. ಅವರು ಮತ್ತೊಮ್ಮೆ ಹೇಳಿದರು. ಬೋರಪ್ಪ ಬಲಗೈಯಿಂದ ಒಂದೇ ಏಟು ಹೊಡೆದ. ದವಡೆ ಎರಡು ಕಡೆ ಮುರಿದ ಸದ್ದು ಹತ್ತಿರವಿದ್ದವರಿಗೆಲ್ಲ ಕೇಳಿಸಿತು.

ಆಮೇಲೆ ಅವನು ತಿರುಗಿ ತಮ್ಮನನ್ನು ನೋಡಿದ. ಕೃಷ್ಣಪ್ಪ ಕಂಬ ಹಿಡಿದು ನಿಂತಿದ್ದ, ಹಣೆಯಿಂದ ರಕ್ತ ಇಳಿಯುತ್ತಿತ್ತು. ಅಣ್ಣನ ಕಣ್ಣು ಅವನದೇ ಎಡಗೈಯ ಮೋಟು ಬೆರಳುಗಳ ಮೇಲೆ ಹೋಗಿ, ಅಲ್ಲಿಂದ ಮತ್ತೆ ತನ್ನ ಮುಖಕ್ಕೆ ಬಂದದ್ದನ್ನು ಕೃಷ್ಣಪ್ಪ ಕಂಡ. ಹದಿಮೂರು ವರ್ಷದ ಹಿಂದೆ ಆ ನೋಟ ಅವನ ಬೆನ್ನ ಹಿಂದೆ ಇತ್ತು. ಈಗ ಎದುರಿಗೆ ಬಂದಿತ್ತು. ಅಷ್ಟರಲ್ಲಿ ಪೊಲೀಸರು ಒಳಗೆ ನುಗ್ಗಿದರು.

ಗಾಯಗೊಂಡವರು ಒಟ್ಟು ಹದಿನಾರು. ಧನ್ಯಕುಮಾರನನ್ನೂ ಬ್ರಹ್ಮದೇವಯ್ಯನನ್ನೂ ಅದೇ ರಾತ್ರಿ ಹಾಸನದ ಆಸ್ಪತ್ರೆಗೆ ಸಾಗಿಸಿದರು. ಕಣ್ಣು ಉಳಿಯಲಿಲ್ಲ. ಬೋರಪ್ಪ ಆರನೆಯ ದಿನ ಜಾಮೀನಿನ ಮೇಲೆ ಹೊರಬಂದ. ಮನೆಗೆ ಹೋಗಿ ಅಟ್ಟದಿಂದ ಹಳೆಯ ಚೂರಿ ತೆಗೆದು ಮಸೆದನೆಂದು ಅವನ ಹೆಂಡತಿ ನಂಜಮ್ಮ ಅರಕಲಗೂಡಿಗೆ ಕೃಷ್ಣಪ್ಪನಿಗೆ ಹೇಳಿಕಳಿಸಿದಳು. ಇನ್ನೊಂದು ಮಾತನ್ನೂ ಹೇಳಿಕಳಿಸಿದ್ದಳು: ಮೇಷ್ಟ್ರನ್ನು ಒಂದು ಮಾತು ಕೇಳುವವರೆಗೆ ಅದನ್ನು ಹೊರಗೆ ತೆಗೆಯುವುದಿಲ್ಲವಂತೆ.

ಕೃಷ್ಣಪ್ಪ ಬೇರೆ ಊರಿಗೆ ಓಡಿಹೋಗಬಹುದಿತ್ತು. ಹಾಗೆ ಮಾಡದೆ, ಹಾಸನದ ಬಸ್ಸು ಹಿಡಿದು ಅಣ್ಣನಿಗಿಂತ ಅರ್ಧ ಗಂಟೆ ಮೊದಲು ಆಸ್ಪತ್ರೆ ಸೇರಿದ. ಬೋರಪ್ಪ ಬಂದಾಗ ಅವನು ಹಾಸಿಗೆಯ ಕಾಲ ಬಳಿ ನಿಂತಿದ್ದ. ಬ್ರಹ್ಮದೇವಯ್ಯನ ದವಡೆಯನ್ನು ತಲೆಯ ಸುತ್ತ ಪಟ್ಟಿ ಬಿಗಿದು ಕಟ್ಟಿದ್ದರು. ಮಾತಾಡುವಂತಿರಲಿಲ್ಲ. ದಿಂಬಿನ ಪಕ್ಕದಲ್ಲಿ ಅರ್ಜಿ ಕಾಗದ, ಸೀಸದ ಕಡ್ಡಿ ಇದ್ದವು. ನಾಲ್ಕು ಹಾಸಿಗೆಯಾಚೆ ಧನ್ಯಕುಮಾರ ಗೋಡೆಯ ಕಡೆಗೆ ತಿರುಗಿ ಮಲಗಿದ್ದ.

ಬೋರಪ್ಪ ತಮ್ಮನ ಕಡೆ ನೋಡಲಿಲ್ಲ. ಅವನ ಸೊಂಟದ ಎಡಬದಿಯಲ್ಲಿ ಪಂಚೆ ಉಬ್ಬಿತ್ತು. ನೆಲದ ಮೇಲೆ ಕೂತು ಹಾಸಿಗೆಯ ಅಂಚು ಹಿಡಿದುಕೊಂಡ.

"ಒಡ್ದಿದ್ದು ತೆಪ್ಪು ಮೇಷ್ಟ್ರೆ. ಅದ್ಕೆ ಆಮೇಲೆ ಕಾಲಿಗೆ ಬೀಳ್ತೀನಿ. ಒಂದು ಕೇಳ್ತೀನಿ. ನಿಮ್ತಾವ ರೀಲು ಇರ್ನಿಲ್ಲ, ಸರಿ. ಸುಟ್ಟೋದ ರೀಲ್ನಾಗೆ ಏನಿತ್ತು? ಆಮ್ಯಾಕಾದ್ರೂ ನಿಮ್ಗೆ ಗೊತ್ತಾಗಿರ್ತದೆ. ಯಾರು ಕೊಂದಿದ್ದು?"

ಬ್ರಹ್ಮದೇವಯ್ಯ ಕಣ್ಣು ಹೊರಳಿಸಿ ಧನ್ಯಕುಮಾರನ ಹಾಸಿಗೆಯ ಕಡೆ ನೋಡಿದರು. ಒಂದು ಕಟ್ಟುಕಥೆ ಒಬ್ಬನ ಪ್ರಾಣ ಉಳಿಸಿತ್ತು, ಇನ್ನೊಬ್ಬನ ಕಣ್ಣು ತೆಗೆದಿತ್ತು. ಕಾಗದ ಎಳೆದುಕೊಂಡು ಎರಡು ಸಾಲು ಬರೆದು ಚಾಚಿದರು.

ಬೋರಪ್ಪನಿಗೆ ಓದು ಬರುತ್ತಿರಲಿಲ್ಲ. ಕಾಗದವನ್ನು ತಿರುಗಿಸಿ ನೋಡಿ, ಮೊದಲ ಸಲ ತಮ್ಮನ ಕಡೆ ಕೈ ಚಾಚಿದ. ಕೃಷ್ಣಪ್ಪ ನಾಲ್ಕನೇ ತರಗತಿಯವರೆಗೆ ಓದಿದ್ದ. ಕಾಗದದಲ್ಲಿದ್ದದ್ದು ಇಷ್ಟು: 'ನಾನು ಅದನ್ನು ಯಾವತ್ತೂ ನೋಡಲಿಲ್ಲ. ತಮ್ಮನೇ ಕೊಂದಿರಬಹುದು.'

ಕೃಷ್ಣಪ್ಪ ಕಾಗದವನ್ನು ಬೆಳಕಿಗೆ ಹಿಡಿದ. ಅಕ್ಷರದ ಮೇಲೆ ಬೆರಳಿಟ್ಟು ನಿಧಾನವಾಗಿ ಓದಿದ.

"ಆಮೇಲೆ ಮೈಸೂರಿನಲ್ಲಿ ಪೂರ್ತಿ ಚಿತ್ರ ನೋಡಿದೆ. ನಾನು ಊಹಿಸಿದ್ದು ಸರಿ. ಮಂತ್ರಿಯೇ ಕೊಂದದ್ದು."

ಬೆರಳು ಎರಡನೆಯ ಸಾಲಿನ ಕೊನೆಗೆ ಬಂದು ನಿಂತಿತು. ಅವನು ತಲೆ ಎತ್ತಲಿಲ್ಲ.

ಬೋರಪ್ಪ ಬ್ರಹ್ಮದೇವಯ್ಯನ ಮುಖ ನೋಡಿದ. ಪಟ್ಟಿಯ ನಡುವೆ ಕಾಣುತ್ತಿದ್ದದ್ದು ಎರಡು ಕಣ್ಣು. ಅವು ಅವನನ್ನು ದಾಟಿ ಕೃಷ್ಣಪ್ಪನ ಮೇಲಿದ್ದವು.

"ಈ ಕಾಗ್ದ ನಂಗೆ ಬೇಕು. ಗರಡಿನಾಗೆ ಎಲ್ರ ಮುಂದೂ ಓದುಸ್ತೀನಿ" ಎಂದು ಬೋರಪ್ಪ ಕೈ ಮುಂದೆ ಮಾಡಿದ.

ಕೃಷ್ಣಪ್ಪ ಕಾಗದವನ್ನು ಬಿಡಲಿಲ್ಲ. ಗರಡಿಯಲ್ಲಿ ಓದು ಬಲ್ಲವರು ಐದಾರು ಮಂದಿ ಇದ್ದರು.

ಬ್ರಹ್ಮದೇವಯ್ಯ ಹಾಸಿಗೆಯ ಅಂಚನ್ನು ಬೆರಳಿನಿಂದ ತಟ್ಟಿದರು. ಕಾಗದ ಕೊಡುವಂತೆ ಸನ್ನೆ ಮಾಡಿ, ಸಹಿ ಹಾಕುವುದು ಬಾಕಿಯಿದೆ ಎಂದು ಗಾಳಿಯಲ್ಲಿ ಗೀಚಿ ತೋರಿಸಿದರು. ಅದನ್ನು ಈಸಿಕೊಂಡು ದಿಂಬಿನಡಿಗೆ ತಳ್ಳಿ, ಶುದ್ಧಪ್ರತಿ ಮಾಡುವವರಂತೆ ಹೊಸ ಹಾಳೆ ತೆಗೆದರು. ಇಷ್ಟು ವರ್ಷ ಕಚೇರಿಗೆ ಬರೆದ ಅರ್ಜಿಗಳಂತೆಯೇ ಮೇಲೆ ತಾರೀಖು, ಊರು ಹಾಕಿ ದುಂಡಗೆ ಬರೆದರು. ಕೃಷ್ಣಪ್ಪ ಓದಿದ ಮೂರು ವಾಕ್ಯ ಒಂದೂ ಬಿಡದೆ ಬಂದವು. ಕೆಳಗೆ ಇನ್ನೊಂದನ್ನು ಸೇರಿಸಿದರು: 'ಹೊಸ ಚಿತ್ರದವರು ಕಥೆ ಬದಲಾಯಿಸಿದ್ದಾರೆ, ಇದರಲ್ಲಿ ಟೆಂಟಿನ ಮ್ಯಾನೇಜರದು ತಪ್ಪೇನೂ ಇಲ್ಲ.' ಸಹಿ ಹಾಕಿದರು.

ಕೊನೆಯ ಸಾಲನ್ನು ಕೃಷ್ಣಪ್ಪ ಇದ್ದಂತೆಯೇ ಓದಿದ. ಬೋರಪ್ಪ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಸೊಂಟದಲ್ಲಿ ಸಿಕ್ಕಿಸಿಕೊಳ್ಳಲು ಹೋದ. ಅಲ್ಲಿ ಚೂರಿ ಇತ್ತು. ಅದನ್ನು ತೆಗೆದು ತಮ್ಮನ ಕೈಗೆ ಕೊಟ್ಟ. ಎದ್ದು, ನಾಲ್ಕು ಹಾಸಿಗೆಯಾಚೆ ಗೋಡೆಗೆ ಮುಖ ಮಾಡಿ ಮಲಗಿದ್ದವನ ಕಡೆಗೆ ನಡೆದ.