ಬುದ್ಧಿ ಮಾತ್ರೆಯಲ್ಲ, ನಿಶ್ಚಿತಾಳ ಔಷಧಿ

ಬಾಳೆಹೊನ್ನೂರಿನ ಹತ್ತಿರದ ಒಂದು ಊರು. 2007ನೇ ಇಸವಿ. ಶಂಕರಮ್ಮನವರದ್ದು ಮನೆಯ ಮುಂದೆಯೇ ಸಣ್ಣ ಕಿರಾಣಿ ಅಂಗಡಿ. ಮೊಮ್ಮಗಳು ನಿಶ್ಚಿತಾ ನಾಲ್ಕನೇ ತರಗತಿ. ಒಂದು ಕಡೆ ಕೂತವಳಲ್ಲ. ಅರ್ಧ ಬರೆದು ಎದ್ದು ಓಡುತ್ತಿದ್ದಳು. ಹೇಳಿದ ಮಾತು ಬಾಗಿಲು ದಾಟುವಷ್ಟರಲ್ಲಿ ಮರೆಯುತ್ತಿದ್ದಳು. “ನಾಲ್ಕು ಏಟು ಬಿಟ್ಟರೆ ಸರಿಹೋಗ್ತಾಳೆ” ಎಂದವರೇ ಹೆಚ್ಚು.

ಆರೋಗ್ಯ ಕೇಂದ್ರದ ನರ್ಸ್ ಪ್ರೇಮಕ್ಕ ಮಾತ್ರ, “ಹೊಡೀಬೇಡಿ, ಡಾಕ್ಟರಿಗೆ ತೋರಿಸಿ” ಎಂದರು. ಶಂಕರಮ್ಮನವರ ಸೊಸೆ, ನಿಶ್ಚಿತಾಳ ತಾಯಿ ದಾಕ್ಷಾಯಿಣಿ ಮಗಳನ್ನು ಶಿವಮೊಗ್ಗದ ಮನೋವೈದ್ಯರಲ್ಲಿಗೆ ಕರೆದುಕೊಂಡು ಹೋದಳು. ಇದು ಹಟವಲ್ಲ, ಗಮನ ನಿಲ್ಲದಂತೆ ಮಾಡುವ ಎ.ಡಿ.ಎಚ್.ಡಿ. ಎಂಬ ತೊಂದರೆ ಎಂದು ವೈದ್ಯರು ವಿವರಿಸಿ, ದಿನಕ್ಕೊಂದು ಮಾತ್ರೆ ಬರೆದುಕೊಟ್ಟರು. ಎರಡು ತಿಂಗಳಲ್ಲಿ ನಿಶ್ಚಿತಾ ಕೂತು ಪಾಠ ಓದತೊಡಗಿದಳು.

ಅಜ್ಜಿಗೆ ಹಿಗ್ಗೋ ಹಿಗ್ಗು. ಅಂಗಡಿಗೆ ಬಂದವರಿಗೆಲ್ಲ ‘ಬುದ್ಧಿ ಮಾತ್ರೆ’ಯ ಬಗ್ಗೆ ಹೇಳಿದ್ದೇ ಹೇಳಿದ್ದು. ಎಸ್ಸೆಸ್ಸೆಲ್ಸಿ ಓದುತ್ತಿದ್ದ ಪಕ್ಕದ ಮನೆಯ ರಮ್ಯಶ್ರೀ ಒಂದು ದಿನ, “ಅಜ್ಜಿ, ನಂಗೂ ಎರಡು ಬುದ್ಧಿ ಮಾತ್ರೆ ಕೊಡಿ. ಓದಿದ್ದು ತಲೇಲಿ ನಿಲ್ತಿಲ್ಲ” ಎಂದಳು. ಶಂಕರಮ್ಮ ಕೊಟ್ಟರು. ಸುದ್ದಿ ಹರಡಿತು. ಕೇಳಿದ ಮಕ್ಕಳಿಗೆಲ್ಲ ಕೊಟ್ಟರು.

ತಿಂಗಳು ಮುಗಿಯಲು ಹನ್ನೆರಡು ದಿನ ಇರುವಾಗಲೇ ಮಾತ್ರೆ ಡಬ್ಬಿ ಖಾಲಿ. ದಾಕ್ಷಾಯಿಣಿ ಶಿವಮೊಗ್ಗಕ್ಕೆ ಓಡಿದಳು. ಔಷಧಿ ಅಂಗಡಿಯವರು ಹಳೆಯ ಚೀಟಿ ನೋಡಿ ತಲೆಯಾಡಿಸಿದರು. “ಪರೀಕ್ಷೆ ಹತ್ತಿರ ಬಂದ್ರೆ ಸುಮ್ಮಸುಮ್ನೆ ಇದನ್ನು ಕೇಳ್ಕೊಂಡು ಬರ್ತಾರಮ್ಮ. ಹೊಸ ಚೀಟಿ ಇಲ್ದೆ ಕೊಡೋ ಹಾಗಿಲ್ಲ.” ವೈದ್ಯರೂ ನೇರವಾಗಿ ಕೇಳಿದರು: “ಇಷ್ಟು ಬೇಗ ಹೇಗೆ ಮುಗೀತು? ಬೇರೆಯವರಿಗೆ ಕೊಟ್ರಾ?” ಏನೂ ತಿಳಿಯದ ದಾಕ್ಷಾಯಿಣಿ ಹೊಸ ಚೀಟಿ ಸಿಗದೆ ಕಣ್ಣೀರು ಹಾಕುತ್ತಾ ಬರಿಗೈಯಲ್ಲಿ ಮರಳಿದಳು.

ಮಾತ್ರೆ ತಪ್ಪಿದ ನಾಲ್ಕನೇ ದಿನ, ಬಸ್ಸು ನಿಲ್ಲುವ ಮೊದಲೇ ನಿಶ್ಚಿತಾ ಅದರಿಂದ ಹಾರಿದಳು. ಮೊಣಕಾಲಿಗೆ ಐದು ಹೊಲಿಗೆ ಬಿತ್ತು.

“ಬೇಕು ಅಂತ ಹಾರಿದ್ದಲ್ಲ ಅಮ್ಮ” ಎಂದು ಮಗು ಬಿಕ್ಕಿತು. “ನಿಲ್ಬೇಕು ಅಂತ ಆಮೇಲೆ ನೆನಪಾಯ್ತು.”

ಹೊಲಿಗೆ ಹಾಕಿಸಿದ ದಿನವೇ ರಮ್ಯಶ್ರೀಯೂ ಆರೋಗ್ಯ ಕೇಂದ್ರಕ್ಕೆ ಬಂದಳು. ಎದೆ ಡವಡವ, ಕೈ ನಡುಕ, ಎರಡು ದಿನದಿಂದ ನಿದ್ದೆಯಿಲ್ಲ. ಪ್ರೇಮಕ್ಕ ಕೇಳಿದಾಗ, ಅಜ್ಜಿ ಕೊಟ್ಟ ಮಾತ್ರೆಗಳನ್ನು ಪರೀಕ್ಷೆಗೆಂದು ಎತ್ತಿಟ್ಟು ಈ ಎರಡು ದಿನ ನುಂಗಿದ್ದನ್ನು ಬಾಯಿಬಿಟ್ಟಳು. ಸಂಜೆಯೇ ಪ್ರೇಮಕ್ಕ ಅಂಗಡಿಗೆ ಬಂದರು.

“ಎಂತ ಮಾರಾಯ್ತಿ, ಒಳ್ಳೇದಾಗ್ಲಿ ಅಂತ ಕೊಟ್ಟಿದ್ದಪ್ಪ” ಎಂದರು ಶಂಕರಮ್ಮ. “ನಮ್ಮ ಕೂಸಿಗೆ ಆಗಿಬಂದಿದ್ದು ಬೇರೆ ಮಕ್ಕಳಿಗೆ ಯಾಕೆ ಆಗಲ್ಲ?”

“ನಿಮ್ಮ ಕನ್ನಡಕ ನಂಗೆ ಹಾಕಿದ್ರೆ ನಂಗೆ ಚೆನ್ನಾಗಿ ಕಾಣುತ್ತಾ ಅಮ್ಮ? ಇದು ಬುದ್ಧಿ ಹೆಚ್ಚಿಸೋ ಮಾತ್ರೆ ಅಲ್ಲ. ಡಾಕ್ಟರು ಮಗುವಿನ ತೂಕ, ಎದೆಬಡಿತ ಎಲ್ಲಾ ನೋಡಿ ಕೊಡೋದು. ಬೇಡದವರು ನುಂಗಿದ್ರೆ ಅವರಿಗೂ ಅಪಾಯ. ಬೇಕಾದ ಮಗುವಿಗೆ ಮಾತ್ರೆಯೂ ಇಲ್ಲ, ಮೇಲಿಂದ ಅನುಮಾನ ಬೇರೆ.”

ಶಂಕರಮ್ಮ ಮೊಮ್ಮಗಳ ಕಾಲಿನ ಪಟ್ಟಿ ನೋಡಿದರು. ಸೊಸೆಯ ಮುಖ ನೋಡಲಾಗಲಿಲ್ಲ. “ತಪ್ಪು ನಂದು. ನಾನೇ ಬಂದು ಡಾಕ್ಟರ ಹತ್ರ ಹೇಳ್ತೀನಿ” ಎಂದರು.

ಮರುದಿನ ಅಂಗಡಿಗೆ ಬೀಗ ಹಾಕಿ, ಸೊಸೆ ಮೊಮ್ಮಗಳ ಜೊತೆ ಶಿವಮೊಗ್ಗದ ಮೊದಲ ಬಸ್ಸಿಗೆ ಹೊರಟರು. ಕೈಮುಗಿದು ವೈದ್ಯರಿಗೆ ನಡೆದದ್ದೆಲ್ಲ ಹೇಳಿದರು. “ಹಂಚಿದ್ದು ನಾನು. ಈ ತಾಯಿಗೆ ಏನೂ ಗೊತ್ತಿರಲಿಲ್ಲ.”

ವೈದ್ಯರು ಬೈಯಲಿಲ್ಲ. ನಿಶ್ಚಿತಾಳನ್ನು ಪರೀಕ್ಷಿಸಿ ಹೊಸ ಚೀಟಿ ಬರೆದರು. “ಬೀಗ ಹಾಕಿ ಇಡಿ, ದಿನಾ ನೀವೇ ಕೈಯಾರೆ ಕೊಡಿ” ಎಂದರು ದಾಕ್ಷಾಯಿಣಿಗೆ. ಊರಿಗೆ ಬಂದ ಶಂಕರಮ್ಮ ಮಾತ್ರೆ ಪಡೆದವರ ಮನೆಮನೆಗೆ ಹೋಗಿ, ಉಳಿದಿದ್ದರೆ ನುಂಗಬೇಡಿ, ಪ್ರೇಮಕ್ಕನಿಗೆ ಒಪ್ಪಿಸಿ ಎಂದು ಹೇಳಿ ಬಂದರು. ರಮ್ಯಶ್ರೀ ಮಾತ್ರೆಯಿಲ್ಲದೆ, ಚೆನ್ನಾಗಿ ನಿದ್ದೆ ಮಾಡಿ ಪರೀಕ್ಷೆ ಬರೆದು ಪಾಸಾದಳು. ನಿಶ್ಚಿತಾ ಬಸ್ಸು ನಿಂತ ಮೇಲೆ ಅಮ್ಮನ ಕೈ ಹಿಡಿದು ಇಳಿಯತೊಡಗಿದಳು.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಮನೆಯಲ್ಲೂ ಇಂಥ ಔಷಧಿ ಇದ್ದರೆ ಅದು ಆ ಮಗುವಿನದು ಮಾತ್ರ. ಯಾರು ಕೇಳಿದರೂ ಕೊಡಬೇಡಿ, ಯಾರು ಕೊಟ್ಟರೂ ನುಂಗಬೇಡಿ. ನಿಮ್ಮ ಮಗುವಿಗೂ ಗಮನ ನಿಲ್ಲುತ್ತಿಲ್ಲವೇ? ಬೆತ್ತ ಕೆಳಗಿಟ್ಟು, ಮಗುವಿನ ಕೈ ಹಿಡಿದು ವೈದ್ಯರ ಬಳಿ ಹೋಗಿ.